ಹಳಗನ್ನಡದಲ್ಲೊಂದು ಬೋರಿಂಗ್ ಅರ್ಜಿ

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕದಿರಪ್ಪ ಎರಡು ಹಾಳೆಯ ತಮಿಳು ಅರ್ಜಿಯೊಂದನ್ನು ಗಟ್ಟಿಯಾಗಿ ಓದಿ ಮುಗಿಸಿ, "ಒಂದು ತಪ್ಪೂ ಇಲ್ಲ ಕಣಣ್ಣ" ಎಂದ. ಆ ಅರ್ಜಿಯಲ್ಲಿ ಒಂದೇ ಒಂದು ಸರಿಯಾದ ಪದ ಇರಲಿಲ್ಲ. ಅದು ತಮಿಳಿನಲ್ಲೂ ಇರಲಿಲ್ಲ.

ಇದು ೧೯೭೮ರ ವಿಜಯದಶಮಿ ಕಳೆದ ಮಾರನೆಯ ದಿನ ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ನಡೆದ ಸಂಗತಿ. ಸ್ಥಳ, ಸರ್ಕಾರಿ ಕಚೇರಿಯೊಂದರ ಎದುರು ಸಾಲಿನಲ್ಲಿದ್ದ ನರಸಿಂಹಪ್ಪನವರ ಟೈಪಿಂಗ್ ಕೋಣೆ. ಯಾವ ಕಚೇರಿ ಎಂದು ಕೇಳಬೇಡಿ. ಅದರ ಮುಂದೆ ಒಂದು ಹುಣಸೆಮರ, ಗೋಡೆಯಲ್ಲಿ ಒಂದು ಕಿಟಕಿ, ಕಿಟಕಿಯ ಹಿಂದೆ "ನಾಳೆ ಬಾ" ಎನ್ನುವವರೊಬ್ಬರು ಇದ್ದರು ಎಂದರೆ ಸಾಕು.

ನರಸಿಂಹಪ್ಪನವರಿಗೆ ಐವತ್ತೆರಡು ವರ್ಷ. ಐದನೆಯ ವಯಸ್ಸಿನಲ್ಲಿ ಬಂದ ಸಿಡುಬು ಹೋಗುವಾಗ ಎರಡು ಕಣ್ಣುಗಳನ್ನೂ ಕೊಂಡೊಯ್ದಿತ್ತು. ಅವರ ಬಳಿ ಮೂರು ಟೈಪ್ ಮಿಶನ್ನುಗಳಿದ್ದವು. ಉದ್ದನೆಯ ಮೇಜಿನ ಎಡಕ್ಕೆ ಇಂಗ್ಲಿಷ್, ನಡುವೆ ತಮಿಳು, ಬಲಕ್ಕೆ ಕನ್ನಡ. ಮುಂದೆ ಮೇಜಿನಷ್ಟೇ ಉದ್ದದ ಬೆಂಚು. ಆ ಬೆಂಚಿನ ಮೇಲೆ ಎರಡಡಿ ಜರುಗಿದರೆ ಭಾಷೆ ಬದಲಾಯಿತು. ಇಂಗ್ಲಿಷ್ ಮಿಶನ್ನು ಗಾತ್ರದಲ್ಲಿ ದೊಡ್ಡದು, ಮುಟ್ಟಿದರೆ ತಿಳಿಯುತ್ತಿತ್ತು. ತಮಿಳಿನದು ಮತ್ತು ಕನ್ನಡದ್ದು ಒಂದೇ ಕಂಪನಿಯ ಅವಳಿಜವಳಿ. ಗುಡಿಸುವವರು, ಒರೆಸುವವರು ಅವುಗಳ ಜಾಗ ಅದಲುಬದಲು ಮಾಡಿಬಿಟ್ಟರೆ ಎಂಬ ಮುಂಜಾಗ್ರತೆಯಿಂದ ತಮಿಳು ಮಿಶನ್ನಿನ ಎಡಮೂಲೆಗೆ ಅರಗಿನ ಒಂದು ಬೊಟ್ಟು ಇಡಿಸಿದ್ದರು. ಕೂತ ಕೂಡಲೇ ಅವರ ಹೆಬ್ಬೆರಳು ಅಲ್ಲಿಗೆ ಹೋಗುತ್ತಿತ್ತು. ಬೊಟ್ಟು ಸಿಕ್ಕರೆ ತಮಿಳು, ಸಿಗದಿದ್ದರೆ ಕನ್ನಡ. ಆಮೇಲೆ ಬೆರಳುಗಳು ಓಡತೊಡಗಿದರೆ ಹುಣಸೆಮರದ ಗುಬ್ಬಚ್ಚಿಗಳು ಸುಮ್ಮನಾಗುತ್ತಿದ್ದವು.

ಟೈಪು ಮಾಡಲು ಅವರಿಗೆ ಕಣ್ಣು ಬೇಕಿರಲಿಲ್ಲ. ಟೈಪಾದದ್ದು ಏನು ಎಂದು ನೋಡಲು ಬೇಕಿತ್ತು. ಅದಕ್ಕೆಂದೇ ಕದಿರಪ್ಪ ಇದ್ದ.

ಕದಿರಪ್ಪ ಮೂಕಂಡಪಲ್ಲಿಯಲ್ಲಿ ಸಂಸಾರ ಹೂಡಿದ್ದವನು. ಮೊದಲು ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸೊಂದಕ್ಕೆ ಜನರನ್ನು ಕೂಗಿ ಹತ್ತಿಸುತ್ತಿದ್ದ. ಶೂಳಗಿರಿಯಿಂದ ಸೇಲಂವರೆಗಿನ ಊರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಅದೇ ಉಸಿರಿನಲ್ಲಿ ಹಿಂದಿರುಗುತ್ತಿದ್ದ. ಕನ್ನಡ ಅಕ್ಷರ ಸ್ಕೂಲಿನಲ್ಲಿ ಬಂದಿತ್ತು, ತಮಿಳು ಅಕ್ಷರ ಬಸ್ಸಿನ ಬೋರ್ಡುಗಳಿಂದ. ಗಂಟಲು ಚೆನ್ನಾಗಿತ್ತು, ಜ್ಞಾಪಕ ಇನ್ನೂ ಚೆನ್ನಾಗಿತ್ತು. ನರಸಿಂಹಪ್ಪನವರು ಅವನ ಗಂಟಲು ಕೇಳಿಯೇ ಕೆಲಸ ಕೊಟ್ಟಿದ್ದರು. ಹಾಳೆಯನ್ನು ಮಿಶನ್ನಿನಿಂದ ಬಿಡಿಸಿಕೊಂಡು, ಗಿರಾಕಿಯ ಮುಂದೆ, ಅಕ್ಷರ ಬಿಡದೆ ಓದಬೇಕು. ತಪ್ಪಿದ್ದರೆ ಎಷ್ಟನೆಯ ಸಾಲು, ಎಷ್ಟನೆಯ ಅಕ್ಷರ ಎಂದು ಹೇಳಬೇಕು. ಅಷ್ಟೇ ಕೆಲಸ. ನಾಲ್ಕು ವರ್ಷ ಅದನ್ನು ನೆಟ್ಟಗೆ ಮಾಡಿದ.

ಐದನೆಯ ವರ್ಷದ ಯುಗಾದಿಯ ಆಸುಪಾಸಿನಲ್ಲಿ ಅಕ್ಷರಗಳಿಗೆ ಕೂದಲು ಬೆಳೆಯತೊಡಗಿತು. ಶ್ರಾವಣದ ಹೊತ್ತಿಗೆ ಸಾಲುಗಳೆಲ್ಲ ಕಂಬಳಿಹುಳುಗಳಾದವು. ಕದಿರಪ್ಪ ಹಾಳೆಯನ್ನು ದೂರ ಹಿಡಿದ. ಇನ್ನೂ ದೂರ ಹಿಡಿದ. ಕೊನೆಗೆ ಕೈಯೇ ಮುಗಿದುಹೋಯಿತು.

"ನಲವತ್ತ್ಮೂರಾಯ್ತು ನಿಂಗೆ. ಚಾಳೀಸು ಬಂದದೆ, ಹೋಗಿ ಕನ್ನಡಕ ಹಾಕಿಸ್ಕೊ" ಎಂದಳು ಹೆಂಡತಿ ಆದಿಲಕ್ಷ್ಮಮ್ಮ. ಅಂದು ಅವನು ಅಕ್ಕಿಯಲ್ಲಿನ ಕಲ್ಲು ಆರಿಸಿಕೊಡುತ್ತೇನೆಂದು ಕೂತು ಅಕ್ಕಿಯನ್ನೇ ಆರಿಸಿ ಬಿಸಾಕಿದ್ದ.

"ಕಣ್ಣಿಗೇನೂ ಆಗಿಲ್ಲ ಕಣೆ. ಈಗಿನ್ ಅಕ್ಕಿನೇ ಸಣ್ಣ."

"ಅಕ್ಕಿ ಸಣ್ಣ, ಕಾಗ್ದ ಸಣ್ಣ, ನಿಮ್ಮವ್ವನ ಮೂಗುತಿನೂ ಸಣ್ಣ. ದಪ್ಪ ಆಗಿರೋದು ನಿನ್ ಜಂಬ ಒಂದೇ."

ಜಂಬವಷ್ಟೇ ಆಗಿದ್ದರೆ ಕದಿರಪ್ಪ ಎಂದೋ ಕನ್ನಡಕ ಹಾಕಿಸಿಕೊಂಡಿರುತ್ತಿದ್ದ. ಅವನದು ಭಯ. ಕಣ್ಣಿಗೆಂದೇ ಇಟ್ಟುಕೊಂಡ ಆಳು ಕನ್ನಡಕ ಏರಿಸಿಕೊಂಡು ಬಂದರೆ, ಇಟ್ಟುಕೊಂಡವರು ಬೇರೆ ಕಣ್ಣು ಹುಡುಕುವುದಿಲ್ಲವೇ? ಕನ್ನಡಕ ನರಸಿಂಹಪ್ಪನವರಿಗೆ ಕಾಣುವುದಿಲ್ಲ, ನಿಜ. ಆದರೆ ಎದುರಿನ ಬೀಡಾ ಅಂಗಡಿಗೆ ಕಾಣುತ್ತದೆ, ಅಂಗಡಿಗೆ ಬಾಯಿಯೂ ಇದೆ. ಹುಡುಕಬೇಕಾದ ಬೇರೆ ಕಣ್ಣು ಕೂಡ ದೂರವಿರಲಿಲ್ಲ. ಮೂವತ್ತೊಂದು ವರ್ಷ ಕನ್ನಡ ಪಂಡಿತರಾಗಿದ್ದು ನಿವೃತ್ತರಾದ ಬಚ್ಚಪ್ಪ ಮೇಷ್ಟ್ರು ದಿನಾ ಹನ್ನೊಂದು ಗಂಟೆಗೆ ಕೋಣೆಯ ಬಾಗಿಲಲ್ಲಿ ನಿಂತು, "ನರಸಿಂಹಪ್ಪನೋರೆ, ಓದೋಕೆ ವಿದ್ವಾಂಸರು ಬೇಕಿದ್ರೆ ಹೇಳ್ಕಳಿಸಿ. ಮನೇಲಿ ಕೂತು ಕೂತು ಬೇಜಾರು" ಎಂದು ಹೇಳಿ, ಕದಿರಪ್ಪನ ಕಡೆ ಒಮ್ಮೆ ನೋಡಿ ಹೋಗುತ್ತಿದ್ದರು.

ಹೀಗಾಗಿ ಕದಿರಪ್ಪ ಬೇರೆ ಉಪಾಯ ಕಂಡುಕೊಂಡ. ಟೈಪು ಮಾಡುವಾಗ ಪ್ರತಿ ವಾಕ್ಯವನ್ನೂ ಬಾಯಲ್ಲಿ ಹೇಳಿಕೊಳ್ಳುವುದು ನರಸಿಂಹಪ್ಪನವರ ಅಭ್ಯಾಸ. ಕದಿರಪ್ಪ ಪಕ್ಕದಲ್ಲಿ ಕೂತು ಅದನ್ನು ಹಾಗೆಯೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಿದ್ದ. ಆಮೇಲೆ ಹಾಳೆಯನ್ನು ಎತ್ತಿ ಹಿಡಿದು, ಶೂಳಗಿರಿಯಿಂದ ಸೇಲಂವರೆಗೆ ಹೇಳಿದಂತೆ, ಒಪ್ಪಿಸಿಬಿಡುತ್ತಿದ್ದ. ಸದಾ ತಪ್ಪಿಲ್ಲ ಎಂದರೆ ಅನುಮಾನ ಬಂದೀತೆಂದು ವಾರಕ್ಕೆರಡು ಸಲ "ಮೂರನೇ ಸಾಲಲ್ಲಿ ಒಂದ್ ಅಕ್ಷರ ಎಗರಿದೆ ಅಣ್ಣ" ಎನ್ನುತ್ತಿದ್ದ. ನರಸಿಂಹಪ್ಪನವರು ಹಾಳೆಯನ್ನು ಮತ್ತೆ ಸಿಕ್ಕಿಸಿ ಅದನ್ನು ತಿದ್ದುತ್ತಿದ್ದರು. ಸರಿಯಾಗಿದ್ದದ್ದು ಹೀಗೆ ವಾರಕ್ಕೆರಡು ಸಲ ತಪ್ಪಾಗುತ್ತಿತ್ತು.

ಆಯುಧಪೂಜೆಯ ದಿನ ಮಿಶನ್ನುಗಳನ್ನು ತೊಳೆದು ಸಿಂಗರಿಸುವ ಹೊಣೆ ಕದಿರಪ್ಪನದು. ಅವನು ಭಕ್ತಿಯಿಂದಲೇ ಮಾಡಿದ. ಮೂರು ಮಿಶನ್ನುಗಳಿಗೂ ಹರಳೆಣ್ಣೆ ಬಿಟ್ಟ, ಬೇಕಾದದ್ದಕ್ಕಿಂತ ತುಸು ಜಾಸ್ತಿಯೇ ಬಿಟ್ಟ. ತಮಿಳು ಮಿಶನ್ನಿನ ಮೂಲೆಯಲ್ಲಿ ಏನೋ ಕೊಳೆ ಅಂಟಿದ್ದು ಬೆರಳಿಗೆ ಸಿಕ್ಕಿತು. ಬ್ಲೇಡಿನಿಂದ ಕೆರೆದು ತೆಗೆದ. ಹಾಗೆ ಹೋದದ್ದು ಅರಗಿನ ಬೊಟ್ಟು. ಆಮೇಲೆ ಗಂಧ ತೇಯ್ದು, ಕೈಗೆ ಸಿಕ್ಕ ಕಡೆ, ಎಲ್ಲದಕ್ಕೂ ಇಟ್ಟ. ಕನ್ನಡ ಮಿಶನ್ನಿನ ಎಡಮೂಲೆಗೆ ಇಟ್ಟ ಗಂಧ ಎರಡು ದಿನದಲ್ಲಿ ಗಟ್ಟಿಯಾಗಿ ಒಣಗಿ, ಮುಟ್ಟಿದರೆ ಅರಗಿನಂತೆಯೇ ಆಯಿತು. ಪೂಜೆಯ ಮಣೆಯಿಂದ ಅವುಗಳನ್ನು ಮೇಜಿಗೆ ಏರಿಸುವಾಗ ಕೀಲಿಗಳ ಮೇಲಿನ ಅಕ್ಷರ ನೋಡಿದ. ಕಂಬಳಿಹುಳು ಕಂಡವು. ಆದರೂ ಜವಾಬ್ದಾರಿಯ ಮನುಷ್ಯ. ಬೊಟ್ಟು ಇರುವುದು ತಮಿಳು ಎಂದು ನೆನಪಿಸಿಕೊಂಡು, ಎರಡರ ಮೂಲೆಯನ್ನೂ ಸವರಿ, ಗಂಧದ ಬೊಟ್ಟಿನ ಮಿಶನ್ನನ್ನು ನಡುವೆ ಇಟ್ಟ.

ವಿಜಯದಶಮಿಯ ಮಾರನೆಯ ದಿನ ಮೊದಲ ಗಿರಾಕಿಯಾಗಿ ಉದ್ದನಪಲ್ಲಿಯ ಲಕ್ಷ್ಮಿದೇವಮ್ಮ ಬಂದಳು. ಮೇಲಿನ ಬೀದಿಯ ಬೋರಿಂಗು, ಎಂದರೆ ಕೈಯಲ್ಲಿ ಒತ್ತಿ ನೀರೆತ್ತುವ ಪಂಪು, ಕೆಟ್ಟು ಎರಡು ತಿಂಗಳಾಗಿತ್ತು. ಆಕೆ ಕನ್ನಡದಲ್ಲಿ ಹೇಳಿದಳು, ನಡುನಡುವೆ ತೆಲುಗಿನಲ್ಲಿ ಬೈದಳು. ನರಸಿಂಹಪ್ಪನವರು ತಮಿಳಿನಲ್ಲಿ ವಾಕ್ಯ ಕಟ್ಟಿದರು, ಬೈಗುಳದ ಜಾಗದಲ್ಲಿ "ವಿನಯಪೂರ್ವಕವಾಗಿ" ಎಂದು ಹಾಕಿದರು. ಬೆಂಚಿನ ನಡುವೆ ಕೂತು ಹೆಬ್ಬೆರಳಿನಿಂದ ಬೊಟ್ಟು ಮುಟ್ಟಿ ನೋಡಿ, ಶುರುಮಾಡಿದರು.

ಟೈಪಿಂಗ್ ಬಲ್ಲವರು ಇಲ್ಲೊಂದು ಪ್ರಶ್ನೆ ಕೇಳಬಹುದು. ಎರಡು ಭಾಷೆಯ ಕೀಲಿಗಳ ನಡೆ ಬೇರೆಬೇರೆ, ಬೆರಳಿಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. "ಏನ್ಲಾ ಕದಿರಪ್ಪ, ಮಿಶನ್ನು ಒಂಥರಾ ಎಳೀತದೆ" ಎಂದರು. "ಹರಳೆಣ್ಣೆ ಅಣ್ಣ. ಎರಡು ದಿನ ಹೋದ್ರೆ ಸರಿಹೋಯ್ತದೆ" ಎಂದ ಕದಿರಪ್ಪ. ವಿಚಾರಣೆ ಅಲ್ಲಿಗೆ ಮುಗಿಯಿತು.

ಆಮೇಲೆ ಕದಿರಪ್ಪ ಎರಡು ಹಾಳೆಗಳನ್ನೂ ಒಟ್ಟಿಗೆ ಎತ್ತಿ ಹಿಡಿದು, "ಐಯಾ, ವಣಕ್ಕಂ" ಎಂಬಲ್ಲಿಂದ ಶುರುಮಾಡಿ ಊರಿನ ಹೆಸರಿನವರೆಗೆ ಓದಿದ. ಮೂವತ್ತೆರಡು ಮನೆಗಳ ಕಷ್ಟ ಅವನ ಗಂಟಲಿನಲ್ಲಿ ಎಷ್ಟು ಚೆನ್ನಾಗಿ ಬಂತೆಂದರೆ, ಒಂದು ತಮಿಳು ಅಕ್ಷರವೂ ಬಾರದ ಲಕ್ಷ್ಮಿದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ ಬೋರಿಂಗು ಇಷ್ಟೊಂದು ಕಷ್ಟದಲ್ಲಿ ಅದೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣಪ್ಪ" ಎಂದು ಹೆಬ್ಬೆಟ್ಟು ಒತ್ತಿ, ಎದುರಿನ ಕಿಟಕಿಗೆ ಕೊಟ್ಟು ಊರಿಗೆ ಹೋದಳು. ಕಿಟಕಿಯವರು ಓದದೆ ಮೊಹರು ಹಾಕಿ, ಆಕೆಯ ಹೆಸರು, ಊರು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಆ ದಿನದ ಉಳಿದ ಹೊತ್ತೆಲ್ಲ, ಮಾರನೆಯ ಬೆಳಗ್ಗೆ ಕೂಡ, ನರಸಿಂಹಪ್ಪನವರಿಗೆ ಕಾರ್ಖಾನೆಯೊಂದರ ಇಂಗ್ಲಿಷ್ ಪತ್ರಗಳ ಕೆಲಸ. ಅವರು ಬೆಂಚಿನ ಎಡತುದಿಯಿಂದ ಏಳಲಿಲ್ಲ.

ಮಾರನೆಯ ದಿನ ಹನ್ನೆರಡಕ್ಕೆ ಕಚೇರಿಯ ಪ್ಯೂನ್ ಚಿನ್ನಸ್ವಾಮಿ ಬಂದು ಬಾಗಿಲಲ್ಲಿ ನಿಂತ.

"ಕಣ್ಣಿಲ್ದೋರ್ನೂ ಕಣ್ಣಿರೋರ್ನೂ ಇಬ್ರುನ್ನೂ ಸಾಯ್ಬ್ರು ಕರೀತಾವ್ರೆ."

"ಯಾಕಂತೆ?" ಎಂದರು ನರಸಿಂಹಪ್ಪನವರು.

"ನೆನ್ನೆ ಬಂದ ಉದ್ದನಪಲ್ಲಿ ಅರ್ಜಿ. ಬಚ್ಚಪ್ಪ ಮೇಷ್ಟ್ರುನ್ನೂ ಕರ್ಸವ್ರೆ. ಬೆಳಗಿಂದ ಎರಡು ಸಲ ಟೀ ಹೋಯ್ತು ಒಳೀಕೆ. ಏನೋ ದೊಡ್ಡದೇ."

ಮೇಷ್ಟ್ರು ಎಂಬ ಹೆಸರು ಕೇಳಿಯೇ ಕದಿರಪ್ಪ ನರಸಿಂಹಪ್ಪನವರ ಕೋಲನ್ನು ತಲೆಕೆಳಗಾಗಿ ಅವರ ಕೈಗೆ ಕೊಟ್ಟ.

ಒಳಗೆ ಅಷ್ಟರಲ್ಲಿ ನಡೆದದ್ದು ಇಷ್ಟು. ಸೂಪರಿಂಟೆಂಡೆಂಟರು ತಂಜಾವೂರು ಕಡೆಯವರು, ಹೊಸೂರಿಗೆ ಬಂದು ನಲವತ್ತು ದಿನವಾಗಿತ್ತು. ಕನ್ನಡ ಅಕ್ಷರ ಕಂಡರೆ ಅದು ಕನ್ನಡ ಎಂದು ಗುರುತಿಸುವಷ್ಟು ಕಲಿತಿದ್ದರು. ಈ ಕಡೆಯ ಜನ ಕನ್ನಡದಲ್ಲೂ ಅರ್ಜಿ ಕೊಡುತ್ತಾರೆಂದು ಅವರಿಗೆ ಮೊದಲೇ ಯಾರೋ ಹೇಳಿದ್ದರು. ಅವರು ಕ್ರಮ ತಪ್ಪದ ಅಧಿಕಾರಿ. ಓದಿ ಹೇಳಲು ಪಂಡಿತರನ್ನು ಕರೆಸಿದರು.

ಬಚ್ಚಪ್ಪ ಮೇಷ್ಟ್ರು ಜರಿಯಂಚಿನ ಶಲ್ಯ ಹೊದ್ದು ಬಂದು, ಹಾಳೆ ಹಿಡಿದು ಮೊದಲ ಸಾಲು ನೋಡಿದರು. ಅಲ್ಲಿ "ಗಹ್ವ ಟಣಂ ಬಿಜಃ ಮಡೆ" ಎಂದಿತ್ತು. ಎರಡನೆಯ ಸಾಲು ಅದಕ್ಕಿಂತ ಕಠಿಣವಾಗಿತ್ತು. ಮೂರನೆಯದು ಒಂದು ವಿಸರ್ಗದಿಂದಲೇ ಶುರುವಾಗುತ್ತಿತ್ತು. ಮೇಷ್ಟ್ರು ಹಣೆ ಒರೆಸಿಕೊಂಡರು. ಮೂವತ್ತೊಂದು ವರ್ಷ ಕನ್ನಡ ಕಲಿಸಿದವರು, ಟೀ ಕುಡಿದಾದ ಮೇಲೆ, ಕನ್ನಡದ ಹಾಳೆ ಹಿಡಿದು ಅರ್ಥವಾಗಲಿಲ್ಲ ಎನ್ನುವುದು ಹೇಗೆ?

"ಇದು ಹಳಗನ್ನಡ ಸಾರ್" ಎಂದರು, ತಮಗೆ ಬಂದ ತಮಿಳಿನಲ್ಲಿ.

ಸೂಪರಿಂಟೆಂಡೆಂಟರು ಹುಬ್ಬೇರಿಸಿದರು. "ಉದ್ದನಪಲ್ಲಿಯಲ್ಲಿ ಈಗಲೂ ಹಳಗನ್ನಡ ಮಾತಾಡುತ್ತಾರಾ?"

"ಆ ಕಡೆ ಎಲ್ಲ ಸ್ವಲ್ಪ ಹಳಬರು ಸಾರ್."

"ಏನು ಬರೆದಿದೆ?"

"ಗಹ್ವ ಅಂದ್ರೆ ಗಹ್ವರ. ಆಳವಾದ ಗವಿ. ಟಣಂ ಅನ್ನೋದು ಘಂಟಾನಾದ. ಮಡೆ ಅಂದ್ರೆ ಮಡು, ನೀರಿನ ಜಾಗ. ಒಂದು ಗವಿ, ಗವಿಯೊಳಗೆ ಗಂಟೆ, ಪಕ್ಕದಲ್ಲಿ ನೀರು. ಬಹುಶಃ ಯಾವುದೋ ಪುರಾತನ ದೇವಸ್ಥಾನ. ಬಿಜಃ ಮಾತ್ರ ಸ್ವಲ್ಪ ಯೋಚನೆ ಮಾಡ್ಬೇಕು."

ಗವಿ, ಗಂಟೆ, ದೇವಸ್ಥಾನ ಎಂದ ಮೇಲೆ ಇದು ಮೇಲಿನವರಿಗೆ ವರದಿ ಮಾಡಬೇಕಾದ ವಿಷಯ. ವರದಿ ಮಾಡುವ ಮುನ್ನ ಟೈಪು ಮಾಡಿದವರನ್ನು ಕೇಳುವುದು ಕ್ರಮ. ಹಾಳೆಯ ಕೆಳಗೆ ನರಸಿಂಹಪ್ಪನವರ ರಬ್ಬರ್ ಸ್ಟ್ಯಾಂಪು ಇತ್ತು. ಹಾಗೆ ಚಿನ್ನಸ್ವಾಮಿ ಬಂದದ್ದು.

ನರಸಿಂಹಪ್ಪನವರು ಕೋಲು ಊರಿಕೊಂಡು, ಕದಿರಪ್ಪನ ಭುಜ ಹಿಡಿದು ಒಳಗೆ ಬಂದರು.

"ಇದನ್ನು ಓದಿ" ಎಂದು ಸೂಪರಿಂಟೆಂಡೆಂಟರು ತಮಿಳಿನಲ್ಲಿ ಹೇಳಿ ಹಾಳೆಗಳನ್ನು ಕದಿರಪ್ಪನ ಕೈಗೆ ಕೊಟ್ಟರು.

ಕದಿರಪ್ಪ ತೋಳು ಚಾಚಿ ಹಿಡಿದ. ಕಂಬಳಿಹುಳುಗಳು ಸಾಲಾಗಿ ಹೋಗುತ್ತಿದ್ದವು. ಯಾವ ಭಾಷೆಯ ಕಂಬಳಿಹುಳುಗಳು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಉದ್ದನಪಲ್ಲಿಯ ಅರ್ಜಿ ಎಂದು ಚಿನ್ನಸ್ವಾಮಿ ಹೇಳಿದ್ದನಲ್ಲ. ಗಂಟಲು ಸರಿಮಾಡಿಕೊಂಡು, "ಐಯಾ, ವಣಕ್ಕಂ" ಎಂದು ಶುರುಮಾಡಿದವನು, ಶುದ್ಧವಾದ ತಮಿಳಿನಲ್ಲಿ, ಎಲ್ಲೂ ತಡವರಿಸದೆ, ಮೂವತ್ತೆರಡು ಮನೆ, ಎರಡು ತಿಂಗಳು, ಹಿಡಿ ಒತ್ತಿದರೆ ಸದ್ದು ಬರುವುದೇ ಹೊರತು ನೀರು ಬರುವುದಿಲ್ಲ ಎಂಬುದನ್ನೆಲ್ಲ ದಾಟಿ, ಲಕ್ಷ್ಮಿದೇವಮ್ಮನ ಹೆಬ್ಬೆಟ್ಟಿನವರೆಗೆ ಓದಿ ನಿಲ್ಲಿಸಿದ.



ಚಿನ್ನಸ್ವಾಮಿ ಬಾಗಿಲಲ್ಲೇ ಕೈ ಮುಗಿದ. ಗುಮಾಸ್ತರೊಬ್ಬರು ಎದ್ದು ಬಂದು ಕದಿರಪ್ಪನ ಭುಜದ ಹಿಂದಿನಿಂದ ಹಾಳೆಯನ್ನು ಇಣುಕಿ ನೋಡಿ, ಮತ್ತೆ ಅವನ ಮುಖ ನೋಡಿದರು. ಸೂಪರಿಂಟೆಂಡೆಂಟರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಹಳಗನ್ನಡದ ಹಾಳೆ ನೋಡಿಕೊಂಡು ನೇರವಾಗಿ ತಮಿಳಿನಲ್ಲಿ ಓದುತ್ತೀರಲ್ಲ, ಎಲ್ಲಿ ಕಲಿತಿರಿ?"

ಹಳಗನ್ನಡ ಎಂಬ ಪದ ಕದಿರಪ್ಪನ ಕಿವಿಗೆ ಬಿದ್ದು ಒಳಗೆ ಇಳಿಯಲು ಒಂದು ನಿಮಿಷ ಬೇಕಾಯಿತು. ಹಾಳೆ ಕನ್ನಡದ್ದು. ಅಣ್ಣ ಹೇಳಿದ್ದು ತಮಿಳು. ಅವನು ಮೆಲ್ಲಗೆ ನರಸಿಂಹಪ್ಪನವರ ಕಡೆ ತಿರುಗಿದ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಕೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಮೆತ್ತಗೆ ಸವರುತ್ತಿದ್ದರು, ಬೊಟ್ಟು ಹುಡುಕುವ ಹಾಗೆ.

"ಬಸ್ ಸ್ಟ್ಯಾಂಡಲ್ಲಿ ಸಾರ್" ಎಂದ ಕದಿರಪ್ಪ, ಬೇರೆ ಏನೂ ಹೊಳೆಯದೆ.

ಸೂಪರಿಂಟೆಂಡೆಂಟರು ಅವನ ಚಾಚಿದ ತೋಳನ್ನು ನೋಡುತ್ತಿದ್ದರು. ಅವರೂ ಮೂರು ವರ್ಷದ ಹಿಂದೆ ಅದೇ ರೀತಿ ಪೇಪರು ಹಿಡಿಯುತ್ತಿದ್ದವರು. ಕನಿಕರದಿಂದ, ಪಕ್ಕದವರಿಗೆ ಕೇಳದಂತೆ ಎಂದುಕೊಂಡು, "ವೆಳ್ಳೆಳುತ್ತಾ?" ಎಂದು ಕೇಳಿದರು.

ನಾವು ಚಾಳೀಸು ಎನ್ನುವುದನ್ನು ತಮಿಳಿನಲ್ಲಿ ವೆಳ್ಳೆಳುತ್ತು ಎನ್ನುತ್ತಾರೆ. ಬಿಡಿಸಿದರೆ ಬಿಳಿ ಬರಹ ಎಂದಾಗುತ್ತದೆ. ಬಸ್ ಸ್ಟ್ಯಾಂಡಿನ ತಮಿಳಿನಲ್ಲಿ ಈ ಪದಕ್ಕೆ ಕೆಲಸವಿರಲಿಲ್ಲ. ಬರಹ ಬಿಳಿಯದೋ ಎಂದು ಕೇಳುತ್ತಿದ್ದಾರೆಂದು ತಿಳಿದು ಕದಿರಪ್ಪ, "ಇಲ್ಲ ಸಾರ್, ಕರೀದೇ. ಹೊಸ ರಿಬ್ಬನ್ನು" ಎಂದ.

ಈ ಸಂದರ್ಭಕ್ಕೇ ಕಾಯುತ್ತಿದ್ದಂತೆ ಬಚ್ಚಪ್ಪ ಮೇಷ್ಟ್ರು ಮುಂದೆ ಬಂದರು. "ಅವನಿಗೆ ಓದೋದು ಗೊತ್ತು, ಲಿಪಿ ಹೆಸರು ಗೊತ್ತಿಲ್ಲ ಸಾರ್. ತಾವು ಹೇಳಿದ್ದೇ ಸರಿ. ಇದು ವೆಳ್ಳೆಳುತ್ತೇ. ಗಂಗರ ಕಾಲದ ಬಿಳಿಯ ಬರಹ. ಪಾಂಡಿತ್ಯ ಇದ್ದೋರಿಗ್ ಮಾತ್ರ ಕಾಣ್ತದೆ."

"ನಿಮಗೂ ಇದೆಯಾ, ವೆಳ್ಳೆಳುತ್ತು?" ಎಂದರು ಸೂಪರಿಂಟೆಂಡೆಂಟರು ಗೊಂದಲದಿಂದ.

"ಚಿಕ್ಕಂದಿನಿಂದಲೂ ಇದೆ ಸಾರ್" ಎಂದರು ಮೇಷ್ಟ್ರು ಹೆಮ್ಮೆಯಿಂದ. "ನಮ್ಮ ತಂದೆಯವರಿಗೂ ಚೆನ್ನಾಗಿತ್ತು."

ಗುಮಾಸ್ತರು ಕಡತದಲ್ಲಿ ಭಾಷೆ ಎಂಬ ಕಾಲಂನ ಮುಂದೆ ವೆಳ್ಳೆಳುತ್ತು ಎಂದು ಬರೆದುಕೊಂಡರು.

ಈಗ ಒಂದು ಹಾಳೆಗೆ ಎರಡು ಅರ್ಥವಾಯಿತು. ಒಬ್ಬರು ಗವಿ, ಗಂಟೆ ಎನ್ನುತ್ತಾರೆ, ಇನ್ನೊಬ್ಬ ಬೋರಿಂಗು ಎನ್ನುತ್ತಾನೆ. ಇಂಥ ಸಂದರ್ಭಕ್ಕೆ ಸರ್ಕಾರದಲ್ಲಿ ಸ್ಥಳ ಪರಿಶೀಲನೆ ಎಂಬುದಿದೆ. ಸೂಪರಿಂಟೆಂಡೆಂಟರಿಗೆ ಆ ಮಧ್ಯಾಹ್ನ ಹೇಗೂ ರಾಯಕೋಟೆ ಕಡೆ ಕೆಲಸವಿತ್ತು. ಎಲ್ಲರನ್ನೂ ಜೀಪು ಹತ್ತಿಸಿದರು.

ಜೀಪಿನ ಹಿಂದುಗಡೆ ಮೇಷ್ಟ್ರು, ಚಿನ್ನಸ್ವಾಮಿ ಒಂದು ಕಡೆ. ನರಸಿಂಹಪ್ಪ, ಕದಿರಪ್ಪ ಇನ್ನೊಂದು ಕಡೆ. ಹಳ್ಳದಲ್ಲಿ ಜೀಪು ಎಗರಿದಾಗಲೆಲ್ಲ ಮೇಷ್ಟ್ರು "ಬಿಜಃ, ಬಿಜಃ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

"ಅಣ್ಣ" ಎಂದ ಕದಿರಪ್ಪ ಪಿಸುದನಿಯಲ್ಲಿ.

"ಈಗ ಬೇಡ" ಎಂದರು ನರಸಿಂಹಪ್ಪ.

ಉದ್ದನಪಲ್ಲಿಯ ಮೇಲಿನ ಬೀದಿಯಲ್ಲಿ ಜೀಪು ನಿಂತಾಗ ಲಕ್ಷ್ಮಿದೇವಮ್ಮ ಜಗುಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. ಎರಡೇ ನಿಮಿಷದಲ್ಲಿ ಬೀದಿಯೆಲ್ಲ ಅಲ್ಲಿತ್ತು.

"ಗವಿ ಎಲ್ಲಿದೆ?" ಎಂದರು ಸೂಪರಿಂಟೆಂಡೆಂಟರು. ಚಿನ್ನಸ್ವಾಮಿ ಅದನ್ನು ಕನ್ನಡಕ್ಕೆ ತಿರುಗಿಸಿದ.

"ಯಾವ ಗವಿ? ಗವಿಲಿ ಇರೋಕೆ ನಾವೇನು ಕರಡಿಗಳಾ?" ಎಂದಳು ಲಕ್ಷ್ಮಿದೇವಮ್ಮ. ಚಿನ್ನಸ್ವಾಮಿ ಅದನ್ನು ತಮಿಳಿಗೆ ತಿರುಗಿಸುವಾಗ ಕರಡಿಯನ್ನು ಬಿಟ್ಟ.

"ದೇವಸ್ಥಾನದ ಗಂಟೆ?"

"ಗಂಟೆ ಇಲ್ಲ, ಗಡಿಯಾರನೂ ಇಲ್ಲ. ಇರೋದು ಇದೊಂದು ದರಿದ್ರ" ಎಂದು ಆಕೆ ನಡೆದುಹೋಗಿ ಬೋರಿಂಗಿನ ಹಿಡಿಯನ್ನು ಹಿಡಿದು ಕೆಳಕ್ಕೆ ಒತ್ತಿದಳು. ಒಳಗೆಲ್ಲೋ ಆಳದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು.

ಟಣಂ.

ಎಲ್ಲರೂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು, ಮಗುವಿನ ಮೊದಲ ಮಾತು ಕೇಳಿದ ತಂದೆಯಂತೆ.

"ಇನ್ನೊಂದ್ಸಲ ಒತ್ತಮ್ಮ."

ಟಣಂ.

"ಗಹ್ವ, ಟಣಂ" ಎಂದರು ಮೇಷ್ಟ್ರು. "ನೆಲದಾಳದ ಗಹ್ವರದಿಂದ ಟಣಂ ಎಂಬ ನಾದ. ಮಡೆ, ನೀರು. ಹಳಗನ್ನಡದಲ್ಲಿ ಬೋರಿಂಗಿಗೆ ಪದ ಇಲ್ಲ ಸಾರ್, ಇಷ್ಟು ಚೆನ್ನಾಗಿ ಹೇಳೋಕೆ ಇನ್ನು ಯಾರಿಂದಲೂ ಆಗ್ತಿರ್ಲಿಲ್ಲ. ಕದಿರಪ್ಪ ಹೇಳಿದ್ದು ತಾತ್ಪರ್ಯ, ನಾನು ಹೇಳಿದ್ದು ಪದಶಃ ಅರ್ಥ. ಎರಡೂ ಒಂದೇ."

"ಬಿಜಃ?" ಎಂದರು ಸೂಪರಿಂಟೆಂಡೆಂಟರು.

ಮೇಷ್ಟ್ರು ಬೋರಿಂಗಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತಳದಲ್ಲಿ ಬಿದ್ದಿದ್ದ ತುಕ್ಕು ಹಿಡಿದ ನಟ್ಟೊಂದನ್ನು ಎತ್ತಿ ತೋರಿಸಿದರು. "ಇದೇ ಇರ್ಬೇಕು."

ಸೂಪರಿಂಟೆಂಡೆಂಟರು ತಾವೇ ಹಿಡಿ ಒತ್ತಿ ನೋಡಿದರು. ಟಣಂ ಬಂತು, ನೀರು ಬರಲಿಲ್ಲ. ಅಲ್ಲೇ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಮೆಕ್ಯಾನಿಕ್ಕನ್ನು ಕಳಿಸಲು ಬರೆದು ಸಹಿ ಹಾಕಿದರು.

"ನೆನ್ನೆ ಅರ್ಜಿ, ಇವತ್ತು ಜೀಪು" ಎಂದಳು ಲಕ್ಷ್ಮಿದೇವಮ್ಮ ನೆರೆದವರಿಗೆಲ್ಲ ಕೇಳುವಂತೆ. "ಇದಕ್ ಮುಂಚೆ ಬೇರೆ ಕಡೆ ಬರಿಸ್ಕೊಂಡು ಮೂರ್ ಸಲ ಕೊಟ್ಟಿದ್ವಿ. ಒಂದ್ ನಾಯಿನೂ ಈ ಕಡೆ ತಿರುಗಿ ನೋಡ್ಲಿಲ್ಲ. ಬರಿಯೋರು ಬರದ್ರೆ ಹಂಗಿರ್ಬೇಕು."

ಆ ಮೂರೂ ಸ್ವಚ್ಛವಾದ ತಮಿಳಿನಲ್ಲಿದ್ದವು. ಚಿನ್ನಸ್ವಾಮಿ ಈ ಮಾತನ್ನು ತಮಿಳಿಗೆ ತಿರುಗಿಸುವ ಗೋಜಿಗೇ ಹೋಗಲಿಲ್ಲ.

ಸಂಜೆ ಐದೂವರೆಗೆ ಇಬ್ಬರೂ ಟೈಪಿಂಗ್ ಕೋಣೆಗೆ ಮರಳಿದರು. ನರಸಿಂಹಪ್ಪನವರು ಬೆಂಚಿನ ನಡುವೆ ಕೂತರು. ಹೆಬ್ಬೆರಳು ಮಿಶನ್ನಿನ ಎಡಮೂಲೆಗೆ ಹೋಯಿತು. ಉಗುರಿನಿಂದ ಬೊಟ್ಟನ್ನು ಕೆರೆದು, ಮೂಗಿನ ಬಳಿ ತಂದು ಮೂಸಿದರು.

"ಗಂಧ" ಎಂದರು.

ಕದಿರಪ್ಪ ನಿಂತೇ ಇದ್ದ.

"ಕದಿರಪ್ಪ, ನಾನು ಹೇಳಿದ್ದು ತಮಿಳು. ಹಾಳೇಲಿ ಬಂದಿದ್ದು ಕನ್ನಡದ ಗೊಜ್ಜು. ನೀನು ಓದಿದ್ದು ಯಾವುದ್ನಲಾ?"

ಕದಿರಪ್ಪ ಶೂಳಗಿರಿಯಿಂದ ಸೇಲಂವರೆಗಿನ ಎಲ್ಲ ಊರುಗಳನ್ನೂ ನೆನೆದ. ಇಳಿಯಲು ಒಂದು ಸ್ಟಾಪೂ ಸಿಗಲಿಲ್ಲ.

"ನೀವು ಹೇಳಿದ್ನೇ ಅಣ್ಣ. ನಂಗೆ ಅಕ್ಷರ ಕಾಣ್ತಿಲ್ಲ. ಯುಗಾದಿಯಿಂದ."

"ಶ್ರಾವಣದಿಂದ ಪೂರ್ತಿ ಕಾಣ್ತಿಲ್ಲ" ಎಂದು ನರಸಿಂಹಪ್ಪ ತಿದ್ದಿದರು. "ಎರಡ್ ಹಾಳೆ ಇದ್ರೂ ಮೂರ್ ಹಾಳೆ ಇದ್ರೂ ಒಂದೇ ಏಟಿಗೆ ಓದ್ತಿದ್ದೆ. ಹಾಳೆ ತಿರುಗ್ಸೋ ಸದ್ದು ಕೇಳಿ ಎಷ್ಟು ದಿನ ಆಯ್ತು ಅಂತ ನಂಗೊತ್ತು."

"ಗೊತ್ತಿದ್ದೂ ಯಾಕಣ್ಣ ಸುಮ್ನಿದ್ರಿ?"

ನರಸಿಂಹಪ್ಪನವರು ಉಗುರಿನ ಗಂಧವನ್ನು ಪಂಚೆಗೆ ಒರೆಸಿಕೊಂಡರು. "ತಪ್ಪೇ ಇಲ್ಲ ಅಂತಿದ್ಯಲ್ಲ. ಕೇಳಾಕೆ ಚೆನ್ನಾಗಿತ್ತು."

ಹೊರಗೆ ಬೀಡಾ ಅಂಗಡಿಯವನು ಬಾಗಿಲ ಹಲಗೆ ಜೋಡಿಸುತ್ತಿದ್ದ.

"ಹಂಗಾರೆ ನಾಳೆಯಿಂದ ಮೇಷ್ಟ್ರು ಬತ್ತಾರಾ?" ಎಂದ ಕದಿರಪ್ಪ. ಕೇಳಲು ಬೇಕಾದ ಧೈರ್ಯವನ್ನೆಲ್ಲ ಅದೊಂದಕ್ಕೇ ಖರ್ಚು ಮಾಡಿದ್ದ.

"ಮೇಷ್ಟ್ರಿಗೆ ಕಣ್ಣು ಕಾಣ್ತದೆ, ಆದ್ರೂ ಇಲ್ದಿದ್ದನ್ನೆಲ್ಲ ಓದ್ತಾರೆ. ನಿಂಗೆ ಕಾಣ್ದೆ ಇದ್ರೂ ನಾನ್ ಹೇಳಿದ್ನೇ ಓದ್ದೆ. ನೀನೇ ವಾಸಿ." ನರಸಿಂಹಪ್ಪ ಬೆಂಚಿನ ಮೇಲೆ ಎರಡಡಿ ಬಲಕ್ಕೆ ಜರುಗಿದರು. "ಮೊದ್ಲು ಇವೆರಡನ್ನೂ ಅದರದರ ಜಾಗಕ್ಕೆ ಇಡು. ಅರಗು ತಂದು ಬೊಟ್ಟಿಡು. ಆಮೇಲೆ ಹೋಗಿ ಚಾಳೀಸು ಹಾಕಿಸ್ಕೊ. ಬೀಡಾ ಅಂಗಡಿಯೋನು ಕೇಳಿದ್ರೆ ನಾನೇ ಹೇಳ್ದೆ ಅನ್ನು."

ಉದ್ದನಪಲ್ಲಿಯ ಬೋರಿಂಗು ಮರುವಾರ ಸರಿಹೋಯಿತು. ಮೇಷ್ಟ್ರು ಆಮೇಲೆ ಟೈಪಿಂಗ್ ಕೋಣೆಯ ಬಾಗಿಲಿಗೆ ಬರಲಿಲ್ಲ. ಕಚೇರಿಯವರು ಕಷ್ಟದ ಕಾಗದ ಬಂದಾಗಲೆಲ್ಲ ಅವರನ್ನು ಕರೆಸಿ ಟೀ ಕೊಡತೊಡಗಿದ್ದರು. ಕದಿರಪ್ಪ ಬಜಾರ್ ಬೀದಿಯಲ್ಲಿ ಕನ್ನಡಕ ಹಾಕಿಸಿಕೊಂಡ. ಆದಿಲಕ್ಷ್ಮಮ್ಮ ಅವನ ಮುಖ ನೋಡಿ, "ಈಗ ನೋಡಾಕೆ ಓದ್ದೋನ ಹಂಗಿದೀಯ" ಎಂದಳು.

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಕದಿರಪ್ಪ ಕನ್ನಡಕ ಹಾಕಿಕೊಂಡು ಮೊದಲ ಅರ್ಜಿಯನ್ನು ಓದಿದ. ಎರಡು ಹಾಳೆ. ನಡುವೆ ಹಾಳೆ ತಿರುಗಿಸಿದ. ಹನ್ನೊಂದು ತಪ್ಪುಗಳಿದ್ದವು.